ಮೆಟ್ಟಿಲ ಮೇಲೊಂದು ದೀಪ

ನಾಗರಿಕ ಸೇವಾ ಪರೀಕ್ಷೆಯ ಸಿದ್ಧತೆಗೆಂದು ಕರ್ನಾಟಕದಿಂದ ದೆಹಲಿಗೆ ಬರುವ ತರುಣ ತರುಣಿಯರಲ್ಲಿ ಅನೇಕರು ಮುಖರ್ಜಿ ನಗರ, ರಾಜಿಂದರ್ ನಗರ, ಕರೋಲ್ ಬಾಗ್‌ಗಳ ಪಿ.ಜಿ.ಗಳಲ್ಲಿ ನೆಲೆಸುತ್ತಾರೆ. ಅವರಿಗೆ ಕೊಠಡಿ ಹುಡುಕಿಕೊಡುವ ಕೆಲಸ ನಮ್ಮಂಥ ಹಳಬರ ಪಾಲಿಗೆ ಬರುವುದುಂಟು. ನಾನೂ ಕೆಲವರಿಗೆ ಹುಡುಕಿಕೊಟ್ಟಿದ್ದೇನೆ. ಬಾಡಿಗೆ ಎಷ್ಟು, ನೀರು ಯಾವಾಗ, ಊಟಕ್ಕೆ ಅನ್ನ ಸಿಗುವುದೇ ಎಂದೆಲ್ಲ ವಿಚಾರಿಸಿದ್ದೇನೆ. ದೀಪ ಆರಿದರೆ ಮೆಟ್ಟಿಲು ಕಾಣುವುದೇ ಎಂದು ಮಾತ್ರ ಒಮ್ಮೆಯೂ ಕೇಳಲಿಲ್ಲ.

2023ರ ಸೆಪ್ಟೆಂಬರ್ 27ರ ಸಂಜೆ ಮುಖರ್ಜಿ ನಗರದ ಹೆಣ್ಣುಮಕ್ಕಳ ಪಿ.ಜಿ.ಯೊಂದರಲ್ಲಿ ಮೆಟ್ಟಿಲ ಬಳಿಯ ಮೀಟರ್ ಬೋರ್ಡಿನಿಂದ ಎದ್ದ ಬೆಂಕಿ ಮೇಲಂತಸ್ತುಗಳಿಗೆ ಹಬ್ಬಿತು. ಇದ್ದುದು ಒಂದೇ ಮೆಟ್ಟಿಲು. ಅಗ್ನಿಶಾಮಕ ದಳದವರು 35 ಮಂದಿಯನ್ನು ಪಾರುಮಾಡಿದರು. ಅದೇ ವರ್ಷ ಜೂನ್ 15ರಂದು ಅದೇ ಬಡಾವಣೆಯ ತರಬೇತಿ ಕೇಂದ್ರವೊಂದರಿಂದ ವಿದ್ಯಾರ್ಥಿಗಳು ಹಗ್ಗ ಹಿಡಿದು ಕಿಟಕಿಗಳಿಂದ ಇಳಿದುದನ್ನು ದೇಶವೇ ಕಂಡಿತ್ತು.

'ಇನ್ವರ್ಟರ್ ಇದೆಯಲ್ಲ' ಎಂಬುದು ಮಾಲೀಕರ ಸಿದ್ಧ ಉತ್ತರ. ಇನ್ವರ್ಟರ್ ವಿದ್ಯುತ್ ಹೋದಾಗಿನ ಅನುಕೂಲಕ್ಕೆ ಇರುವುದೇ ಹೊರತು ಬೆಂಕಿಗಲ್ಲ. ಅದರ ತಂತಿಗಳು ಬೆಂಕಿ ಬಿದ್ದ ಜಾಗದಲ್ಲೇ ಹಾದುಹೋಗಿದ್ದರೆ ಅದೂ ವ್ಯರ್ಥ. ಎಷ್ಟೋ ಕಡೆ ಕೊಠಡಿಯ ಫ್ಯಾನಿಗೆ ಅದರ ಸಂಪರ್ಕವಿರುತ್ತದೆ, ಮೆಟ್ಟಿಲ ಬಲ್ಬಿಗೆ ಇರುವುದಿಲ್ಲ. ಬೇಕಾದುದು ತನ್ನೊಳಗೇ ಬ್ಯಾಟರಿಯುಳ್ಳ ದೀಪ. ಪಾರಾಗುವ ಹಾದಿಯ ನಡುಭಾಗದಲ್ಲಿ ನೆಲದ ಮೇಲೆ ಕನಿಷ್ಠ 10 ಲಕ್ಸ್ ಬೆಳಕಿರಬೇಕು, ತುರ್ತು ದೀಪ ಕನಿಷ್ಠ ಒಂದೂವರೆ ಗಂಟೆ ಉರಿಯಬೇಕು ಎಂದು 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳಿದೆ. ಆದರೆ ನಮ್ಮ ಅನೇಕ ಪಿ.ಜಿ.ಗಳು ಕಾಗದದಲ್ಲಿ ಮನೆ, ವ್ಯವಹಾರದಲ್ಲಿ ವಸತಿಗೃಹ. ಸಂಹಿತೆ ಅವುಗಳ ಬಾಗಿಲಲ್ಲೇ ನಿಂತುಬಿಡುತ್ತದೆ.

ದೀಪ ಹಾಕಿದೊಡನೆ ಕೆಲಸ ಮುಗಿಯದು. ಬ್ಯಾಟರಿ ಸದ್ದಿಲ್ಲದೆ ಸಾಯುತ್ತದೆ. ಬ್ರಿಟನ್ನಿನಲ್ಲಿ ತಿಂಗಳಿಗೊಮ್ಮೆ ಸ್ವಲ್ಪ ಹೊತ್ತು, ವರ್ಷಕ್ಕೊಮ್ಮೆ ಪೂರ್ಣಾವಧಿ ಉರಿಸಿ ಪರೀಕ್ಷಿಸುವ ಪದ್ಧತಿಯಿದೆ. ಇಲ್ಲಿಯೂ ಅದಕ್ಕೊಂದು ವಹಿ ಇಡಬಹುದು. ಆದರೆ ಸರ್ಕಾರಿ ಸೇವೆಯಲ್ಲಿ ತಲೆ ನರೆತ ನನಗೆ ತಪಾಸಣಾ ವಹಿಗಳ ಪರಿಚಯ ಚೆನ್ನಾಗಿಯೇ ಇದೆ; ಹನ್ನೆರಡು ತಿಂಗಳ ಸಹಿಗಳು ಒಂದೇ ದಿನ, ಒಂದೇ ಶಾಯಿಯಲ್ಲಿ ಬೀಳುವುದನ್ನು ಕಂಡಿದ್ದೇನೆ. ಆದ್ದರಿಂದ ಪರೀಕ್ಷೆ ಅಲ್ಲಿ ಮಲಗುವವರ ಕಣ್ಣೆದುರೇ ನಡೆಯಬೇಕು.

ದಟ್ಟ ಹೊಗೆಯಲ್ಲಿ ದೀಪವೂ ಕಾಣದೆಂಬುದು ನಿಜ. ಎರಡನೆಯ ಹೊರದಾರಿಗೆ ದೀಪ ಬದಲಿಯಲ್ಲ. ಬಾಡಿಗೆ ಏರುವುದೆಂಬ ಆಕ್ಷೇಪ ಮಾತ್ರ ನಿಲ್ಲದು. ನಾಲ್ಕಂತಸ್ತಿನ ಮನೆಗೆ ಬೇಕಾದುದು ಬೆರಳೆಣಿಕೆಯ ದೀಪಗಳು.

ನಮ್ಮ ಸಂಘದ ಸದಸ್ಯರಲ್ಲಿ ನನ್ನ ವಿನಂತಿ ಇಷ್ಟೆ. ಕೊಠಡಿ ನೋಡಲು ಹಗಲಿನಲ್ಲಿ ಹೋಗಬೇಡಿ, ಕತ್ತಲಾದ ಮೇಲೆ ಹೋಗಿ. ಮಾಲೀಕರಿಂದ ಮೇನ್ ಸ್ವಿಚ್ ಆರಿಸಿ, ಮೇಲಂತಸ್ತಿನಿಂದ ಇಳಿದು ನೋಡಿ. ಅವರು ಒಪ್ಪದಿದ್ದರೆ ಬೇರೆ ಮನೆ ಹುಡುಕಿ. ಊರಿನಲ್ಲಿರುವ ತಂದೆತಾಯಿಗಳು ನಮ್ಮ ಮಾತನ್ನು ನಂಬಿ ಮಕ್ಕಳನ್ನು ಕಳುಹಿಸುತ್ತಾರೆ. ಆ ಮಾತು ಕೊಡುವ ಮುನ್ನ ಐದು ನಿಮಿಷ ಕತ್ತಲಲ್ಲಿ ನಿಲ್ಲುವುದು ನಮ್ಮ ಹೊಣೆ.