ವಿಯೆನ್ನಾದಲ್ಲಿ ರೈಲು, ಧಾರವಾಡಕ್ಕೆ ಬಸ್ಸು

ನಾನೂ ಆ ಫೋಟೊ ಹಾಕಿದವನೇ. ಅದನ್ನು ಮೊದಲೇ ಒಪ್ಪಿಕೊಂಡುಬಿಡ್ತೀನಿ. ಆಫೀಸಿನ ಕೆಲಸಕ್ಕೆ ವಿಯೆನ್ನಾಕ್ಕೆ ಹೋದವನು ಎರಡು ದಿನ ರಜೆ ಸೇರಿಸಿಕೊಂಡು ವೆನಿಸ್‌ಗೆ ರಾತ್ರಿ ರೈಲು ಹತ್ತಿದೆ. ನೈಟ್‌ಜೆಟ್ ಅಂತ ಹೆಸರು, ಆಸ್ಟ್ರಿಯಾ ರೈಲ್ವೆಯದು. ಬೆಳಿಗ್ಗೆ ಕಣ್ಣುಬಿಟ್ಟರೆ ಎರಡೂ ಕಡೆ ನೀರು, ನಡುವೆ ಸೇತುವೆ ಮೇಲೆ ಗಾಡಿ. ಫೋಟೊ ತೆಗೆದು ‘ಸ್ಲೋ ಟ್ರಾವೆಲ್’ ಅಂತ ಬರೆದು ಹಾಕಿದೆ. 211 ಲೈಕು. ‘ನಮ್ಮಲ್ಲಿ ಇದೆಲ್ಲಾ ಯಾವಾಗ ಗುರು?’ ಅಂತ ಕುವೆಂಪುನಗರದ ಗೆಳೆಯನೊಬ್ಬ ಕೇಳಿದ್ದ.

ಯಾವಾಗ? ಇವತ್ತು ರಾತ್ರಿನೇ ಕಣಯ್ಯಾ. ನಿನ್ನ ಮನೆಯಿಂದ ಆಟೋ ಹಿಡಿದರೆ ಸ್ಟೇಷನ್ನು.

ಆ ಗಾಡಿಯಲ್ಲಿ ನನಗೆ ಸಿಕ್ಕಿದ್ದು ಆರು ಜನರ ಕೋಣೆ. ಆ ಕಡೆ ಮೂರು ಬರ್ತು, ಈ ಕಡೆ ಮೂರು. ಗೊತ್ತಾಯ್ತಲ್ಲ? ನಮ್ಮ ತ್ರೀ ಟಯರೇ, ಬಾಗಿಲೊಂದು ಹೆಚ್ಚಿಗೆ. ದಿಂಬು, ಚಾದರ ಅವರದು. ಹಾಸಿಕೊಳ್ಳೋ ಕೆಲಸ ನಮ್ಮದು. ಮಧ್ಯದ ಬರ್ತಿನಲ್ಲಿ ಎದ್ದು ಕೂರಲು ಹೋದರೆ ತಲೆಗೆ ಬಡಿಯೋದೂ ಹಾಗೇ. ಎದುರಿಗೆ ಮಲಗಿದ್ದ ಅಜ್ಜ ಯಾವ ದೇಶದವನೋ, ಗೊರಕೆ ಮಾತ್ರ ಥೇಟ್ ಅರಸೀಕೆರೆಯಲ್ಲಿ ಹತ್ತುವವರದ್ದು. ಬೆಳಿಗ್ಗೆ ಒಂದು ಕಾಫಿ, ಎರಡು ಬನ್ನು, ಜಾಮು. ಇಷ್ಟಕ್ಕೇ ನಾನು ಕರಗಿಹೋಗಿದ್ದೆ!

ಮೈಸೂರಿನಿಂದ ಕಾವೇರಿ ಎಕ್ಸ್‌ಪ್ರೆಸ್ ರಾತ್ರಿ ಹೊರಟು ಬೆಳಗಾಗುವಾಗ ಚೆನ್ನೈ ಹತ್ತಿರ ಇರುತ್ತೆ. ಹಂಪಿ ಎಕ್ಸ್‌ಪ್ರೆಸ್ ಬೆಂಗಳೂರು, ಗುಂತಕಲ್ಲು, ಬಳ್ಳಾರಿ, ಹೊಸಪೇಟೆ ಅಂತ ಸುತ್ತಿಕೊಂಡು ಹುಬ್ಬಳ್ಳಿ ಸೇರುತ್ತೆ. ತಾಳಗುಪ್ಪಕ್ಕೆ ರಾತ್ರಿ ಗಾಡಿ ಇದೆ. ಹಾಸನ, ಅರಸೀಕೆರೆ ಮೇಲೆ ಧಾರವಾಡದ ಕಡೆ ಹೋಗೋದೂ ಇದೆ. ನಮ್ಮ ಗೆಳೆಯರ ಪೈಕಿ ಇವುಗಳಲ್ಲಿ ಕಡೇ ಸಲ ಮಲಗಿ ಹೋದವರು ಯಾರು? ನಾನಂತೂ ಅಲ್ಲ. ನನ್ನ ಹೆಂಡತಿಯ ತವರು ಧಾರವಾಡ. ಮದುವೆಯಾದ ಮೇಲೆ ಅಲ್ಲಿಗೆ ಹೋದದ್ದೆಲ್ಲ ಹೆಚ್ಚುಕಮ್ಮಿ ಸ್ಲೀಪರ್ ಬಸ್ಸಿನಲ್ಲೇ.

ಕಾರಣ ಕೇಳಿದರೆ ಎಲ್ಲರ ಹತ್ತಿರವೂ ರೆಡಿ ಇದೆ. ಟಾಯ್ಲೆಟ್ ಗಲೀಜು, ಬುಕ್ ಮಾಡಿದ ಬರ್ತಿನಲ್ಲಿ ಬೇರೆಯವರು ಕೂತಿರ್ತಾರೆ, ಹಬ್ಬದ ಹೊತ್ತಿಗೆ ವೇಟಿಂಗ್ ಲಿಸ್ಟು. ಸುಳ್ಳಲ್ಲ. 60 ದಿನ ಮೊದಲೇ ಬುಕಿಂಗ್ ಶುರುವಾದರೂ ಶುಕ್ರವಾರದ ಟಿಕೆಟ್ಟಿಗೆ ಪರದಾಟ. ಆದರೆ ವೇಟಿಂಗ್ ಲಿಸ್ಟ್ ಅಂದರೆ ಏನರ್ಥ? ಗಾಡಿ ಬೇಡ ಅಂತಲೋ, ಇನ್ನಷ್ಟು ಗಾಡಿ ಬೇಕು ಅಂತಲೋ? ನಾವು ಮಾತ್ರ ಅದನ್ನು ಬಸ್ ಆ್ಯಪ್ ತೆರೆಯೋಕೆ ಸಿಕ್ಕ ಪರ್ಮಿಷನ್ ಅಂತ ಓದಿಕೊಂಡ್ವಿ.

ಯುರೋಪಿನವರೂ ಹೀಗೇ ಮಾಡಿದ್ದರು. ಅಗ್ಗದ ವಿಮಾನ ಬಂತು, ಜನ ಅತ್ತ ಓಡಿದರು. ಜರ್ಮನಿಯ ರೈಲ್ವೆ 2016ರ ಡಿಸೆಂಬರಿನಲ್ಲಿ ನಷ್ಟ ಅಂತ ಹೇಳಿ ತನ್ನ ಸ್ಲೀಪರ್ ಗಾಡಿಗಳನ್ನೇ ನಿಲ್ಲಿಸಿಬಿಡ್ತು. ಅದರಲ್ಲಿ ಕೆಲವು ಮಾರ್ಗಗಳನ್ನು ಆಸ್ಟ್ರಿಯಾದವರು ವಹಿಸಿಕೊಂಡರು. ನೈಟ್‌ಜೆಟ್ ಬೆಳೆದದ್ದು ಹಾಗೆ. ಸ್ವೀಡನ್ ಸರ್ಕಾರ ಕೈಯಿಂದ ದುಡ್ಡು ಹಾಕಿ 2022ರಲ್ಲಿ ಸ್ಟಾಕ್‌ಹೋಮಿನಿಂದ ಹ್ಯಾಂಬರ್ಗ್‌ಗೆ ರಾತ್ರಿ ಗಾಡಿ ಶುರು ಮಾಡ್ತು. ಅಲ್ಲಿ ಕೇಳುವವರು ಇದ್ದರು. ಇಲ್ಲಿ ಕೇಳಬೇಕಾದವರು, ಅಂದರೆ ಇಂಗ್ಲಿಷಿನಲ್ಲಿ ಈಮೇಲ್ ಬರೆದು, ಟ್ವೀಟ್ ಮಾಡಿ, ಎಂಪಿ ಆಫೀಸಿಗೆ ಫೋನ್ ಹಚ್ಚಿ ಕೆಲಸ ಮಾಡಿಸಿಕೊಳ್ಳೋಕೆ ಬರೋ ನಮ್ಮಂಥವರು, ರೈಲಿನಲ್ಲೇ ಇಲ್ಲ. ನಮಗೆ 2022ರ ನವೆಂಬರಿನಲ್ಲಿ ವಂದೇ ಭಾರತ್ ಬಂತು. ಚೆನ್ನಾಗಿದೆ, ಸಂತೋಷ. ಆದರೆ ಅದು ಹಗಲು ಕೂತು ಹೋಗೋ ಗಾಡಿ.

2025ರ ದೀಪಾವಳಿಗೆ ಧಾರವಾಡಕ್ಕೆ ಹೋಗಿ ಬಸ್ಸಿನಲ್ಲೇ ವಾಪಸ್ ಬಂದ್ವಿ. ದರ ಮಾಮೂಲಿಗಿಂತ ಮೂರು ಪಟ್ಟು. ಮಗಳು ಮೇಲಿನ ಬರ್ತಿನಲ್ಲಿ, ನಾನು ಪಕ್ಕದಲ್ಲಿ ಅರ್ಧ ಮೈ ಹೊರಗೆ. ಆ ವಾರವೇ, ಅಕ್ಟೋಬರ್ 24ರ ಬೆಳಗಿನ ಜಾವ, ಹೈದರಾಬಾದಿನಿಂದ ಬೆಂಗಳೂರಿಗೆ ಬರ್ತಿದ್ದ ಸ್ಲೀಪರ್ ಬಸ್ಸು ಕರ್ನೂಲಿನ ಹತ್ತಿರ ಹೊತ್ತಿ ಉರೀತು. ಇಪ್ಪತ್ತರ ಹತ್ತಿರ ಜನ ಹೋದರು. 2013ರ ಅಕ್ಟೋಬರಿನಲ್ಲಿ ಇದೇ ಎರಡು ಊರುಗಳ ನಡುವೆ, ಮೆಹಬೂಬ್‌ನಗರ ಜಿಲ್ಲೆಯಲ್ಲಿ, ವೋಲ್ವೊ ಬಸ್ಸೊಂದು ಸುಟ್ಟು 45 ಜನ ಸತ್ತಿದ್ದರು. ಅದೂ ಬೆಳಗಿನ ಜಾವವೇ. ಹನ್ನೆರಡು ವರ್ಷ ಆಗಿತ್ತು.

ನಾವು ಬಂದ ಬಸ್ಸಿನಲ್ಲಿ ಗಾಜು ಒಡೆಯೋ ಸುತ್ತಿಗೆ ಎಲ್ಲಿತ್ತು ಅಂತ ನೆನಪು ಮಾಡಿಕೊಳ್ಳೋಕೆ ನೋಡಿದೆ. ನಾನು ಹುಡುಕೇ ಇರಲಿಲ್ಲ. ನಡುವಿನ ಓಣಿಯಲ್ಲಿ ಒಬ್ಬರ ಹಿಂದೆ ಒಬ್ಬರು ಅಡ್ಡಡ್ಡ ನಡೆಯಬೇಕಿತ್ತು ಅನ್ನೋದು ಮಾತ್ರ ನೆನಪಿತ್ತು. ಅವತ್ತು ಅತ್ತೆ ಫೋನ್ ಮಾಡಿದರು. ‘ಅಳಿಯಂದಿರ, ಇನ್ನ ಮ್ಯಾಲೆ ಬಸ್ಸಿಗೆ ಬರಬ್ಯಾಡ್ರಿ. ತಡಾ ಆದ್ರೂ ಆಗವಲ್ದ್ಯಾಕ, ಗಾಡಿಗೇ ಬರ್ರಿ.’

ಹೊಸ ಎಲ್‌ಎಚ್‌ಬಿ ಸ್ಲೀಪರ್ ಬೋಗಿಯಲ್ಲಿ 80 ಬರ್ತು. ಸ್ಲೀಪರ್ ಬಸ್ಸಿನಲ್ಲಿ ಮೂವತ್ತು ಚಿಲ್ಲರೆ. ಒಂದೇ ಒಂದು ಬೋಗಿ ಸೇರಿಸಿದರೆ ರಸ್ತೆಯಿಂದ ಎರಡು ಬಸ್ಸು ಇಳೀತವೆ. ಈ ಲೆಕ್ಕ ಹಾಕೋಕೆ ನಮ್ಮ ಎಕ್ಸೆಲ್ ಶೀಟೂ ಬೇಡ. ಎರಡೇ ಬೇಡಿಕೆ ಇಟ್ಟು ಪತ್ರ ಬರೆದೆ. ಧಾರವಾಡದ ಕಡೆಗೆ ಶುಕ್ರವಾರ ರಾತ್ರಿ ಇನ್ನೊಂದು ಗಾಡಿ, ಭಾನುವಾರ ರಾತ್ರಿ ಅದೇ ವಾಪಸ್ಸು. ಎಂಪಿಗೊಂದು, ರೈಲ್ವೆಗೊಂದು ಪ್ರತಿ. ‘ನಮ್ಮಲ್ಲಿ ಯಾವಾಗ ಗುರು’ ಅಂದವನೂ ಸೇರಿದ ಹಾಗೆ ಫೋಟೊ ಲೈಕ್ ಮಾಡಿದ ಎಲ್ಲರಿಗೂ ಕಳಿಸಿ, ಸಹಿ ಹಾಕ್ರಪ್ಪಾ ಅಂತ ಕೇಳಿದೆ.

ಹತ್ತು ದಿನವಾಯ್ತು. ಇಲ್ಲಿವರೆಗೆ ಏಳು ಸಹಿ ಬಂದಿದೆ. ಅದರಲ್ಲೊಂದು ನಮ್ಮತ್ತೆಯದು, ವಾಟ್ಸಾಪಿನಲ್ಲಿ ಹಾಳೆ ಮೇಲೆ ಹಾಕಿ ಫೋಟೊ ತೆಗೆದು ಕಳಿಸಿದ್ದು.