ಗೋಡೆಗೂ ನಾಡಿಯುಂಟು

ಗೋಡೆಗೂ ಕಿವಿಯುಂಟೆಂದು ನಮ್ಮ ಹಿರಿಯರು ಎಚ್ಚರಿಸಿದ್ದಾರೆ. ಆದುದರಿಂದಲೇ ಮನೆಯ ಗುಟ್ಟನ್ನು ನಾವು ಮೆಲುದನಿಯಲ್ಲಿ ಆಡುತ್ತೇವೆ. ಆದರೆ ಗೋಡೆಗೆ ನಾಡಿಯೂ ಉಂಟೆಂಬುದನ್ನು ಯಾರೂ ನನಗೆ ಹೇಳಿರಲಿಲ್ಲ. ಹೇಳಿದ್ದರೆ, ಎರಡು ತಿಂಗಳ ಸಂಬಳವನ್ನು ವ್ಯಯಮಾಡಿ ನಮ್ಮ ಮನೆಯ ಕೋಣೆಯೊಂದನ್ನು ನಾನೇ ಹಾಳುಗೆಡವುತ್ತಿರಲಿಲ್ಲ.

ಮೈಸೂರಿನ ಹಳೆಯ ಬಡಾವಣೆಯೊಂದರಲ್ಲಿರುವ ಮನೆ ನಮ್ಮದು; ತಾತನವರು ೧೯೩೪ರಲ್ಲಿ ಕಟ್ಟಿಸಿದ್ದು. ಎರಡಡಿ ಎತ್ತರದ ಕಲ್ಲಿನ ತಳಪಾಯ, ಅದರ ಮೇಲೆ ಒಂದೂವರೆ ಅಡಿ ದಪ್ಪದ ಇಟ್ಟಿಗೆಯ ಗೋಡೆ, ಸುಣ್ಣದ ಗಾರೆ, ತೇಗದ ಜಂತೆಗಳ ಮೇಲೆ ಇಟ್ಟಿಗೆ ಜೋಡಿಸಿ ಕಟ್ಟಿದ ಮದ್ರಾಸು ತಾರಸಿ. ೨೦೧೮ರಲ್ಲಿ ತಂಗಿಯ ಮದುವೆ ನಿಶ್ಚಯವಾಯಿತು. ತಾಯಿಯವರು ಮಲಗುವ ಕೋಣೆಯಲ್ಲಿ ಹಿತ್ತಿಲ ಕಡೆಯ ಗೋಡೆ ನೆಲದಿಂದ ಮೂರಡಿಯವರೆಗೆ ತೇವವೇರಿ, ಉಪ್ಪು ಕಾರಿ, ಗಾರೆ ಹಪ್ಪಳದಂತೆ ಎದ್ದು ಉದುರುತ್ತಿತ್ತು. ಬೀಗರು ನೋಡಿದರೆ ಏನೆಂದಾರು? ನಾನು ಹಿಂದುಮುಂದು ಯೋಚಿಸದೆ ಇಡೀ ಗೋಡೆಗೆ ಸಿಮೆಂಟಿನ ಗಾರೆ ಮಾಡಿಸಿ, ಅದರ ಮೇಲೆ ಕನ್ನಡಿಯಂತೆ ಹೊಳೆಯುವ ಬಣ್ಣವನ್ನು ಬಳಿಸಿದೆ. “ಇಷ್ಟು ದಿನ ಸುಣ್ಣದಲ್ಲೇ ನಡೆದುಕೊಂಡು ಬಂತಲ್ಲಪ್ಪಾ” ಎಂದು ತಾಯಿ ಒಂದು ಮಾತು ಹೇಳಿದರು. ಕಾಲ ಬದಲಾಗಿದೆಯಮ್ಮಾ ಎಂದು ನಾನು ಉಪನ್ಯಾಸ ಕೊಟ್ಟೆ. ಉಪನ್ಯಾಸ ಕೊಡುವುದು ನನ್ನ ವೃತ್ತಿಯಲ್ಲವೆ?

ಬೀಗರು ಗೋಡೆಯನ್ನು ಮೆಚ್ಚಿದರು. ಮೂರು ಮಳೆಗಾಲ ಕಳೆದವು. ೨೦೨೧ರ ಆಗಸ್ಟಿನ ಒಂದು ಬೆಳಗ್ಗೆ ತಾಯಿ, “ರಾತ್ರಿ ಹಾಸಿಗೆಯ ಮೇಲೆ ಏನೋ ಉದುರುತ್ತದೆ, ನೋಡು” ಎಂದರು. ಹಲ್ಲಿ ಓಡಾಡಿರಬೇಕೆಂದು ಹೇಳಿ ನಾನು ಕಾಲೇಜಿಗೆ ಹೊರಟುಹೋದೆ. ಆ ಮಾತನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ವಾರ ಕಳೆಯುವಷ್ಟರಲ್ಲಿ ಮಂಚದ ನೇರಕ್ಕೆ ಮಾಳಿಗೆಯಲ್ಲೊಂದು ಬಿರುಕು ಕಾಣಿಸಿಕೊಂಡಿತು. ಆಗ ಹಳೆಯ ಮೇಸ್ತ್ರಿಯೊಬ್ಬರನ್ನು ಕರೆತಂದೆ.

ಎಪ್ಪತ್ತು ದಾಟಿದ ಆ ಮನುಷ್ಯ ಕೋಣೆಯೊಳಗೆ ಬರಲೇ ಇಲ್ಲ. ಮೊದಲು ಹಿತ್ತಿಲನ್ನು ಸುತ್ತಿದರು. ಬಳಿಕ ತಾರಸಿಯನ್ನು ಹತ್ತಿದರು. ಕಡೆಗೆ ಒಳಬಂದು, ಬೆರಳ ಗೆಣ್ಣಿನಿಂದ ಗೋಡೆಯನ್ನು ಮೊಳಮೊಳಕ್ಕೂ ತಟ್ಟಿ ಆಲಿಸಿದರು. ವೈದ್ಯರು ರೋಗಿಯ ಎದೆಯನ್ನು ತಟ್ಟಿ ನೋಡುವುದು ಹೀಗೆಯೇ. “ಮೇಷ್ಟ್ರೇ, ಸಿಮೆಂಟು ಬಳಿಸೋ ಮುಂಚೆ ನೀರು ಎಲ್ಲಿಂದ ಬರ್ತದೆ ಅಂತ ನೋಡಿದ್ರಾ?” ಎಂದು ಕೇಳಿದರು. ನಾನು ಸುಮ್ಮನಿದ್ದೆ. “ಒದ್ದೆ ಅನ್ನೋದು ಜ್ವರ ಇದ್ದ ಹಾಗೆ. ಜ್ವರದ ಮೈಗೆ ಬಣ್ಣ ಬಳಿದ್ರೆ ಜ್ವರ ಬಿಡ್ತದಾ?”

ಒಂದೇ ಗೋಡೆಗೆ ಎರಡು ಕಡೆಯಿಂದ ನೀರು ಬರುತ್ತಿತ್ತು. ಬಟ್ಟೆ ಒಗೆಯುವಾಗ ಕೆಸರಾಗದಿರಲೆಂದು ನಾವು ಹಿತ್ತಿಲಿಗೆ ವರ್ಷವರ್ಷವೂ ಮಣ್ಣು ತುಂಬಿ, ಗಚ್ಚು ಹಾಕಿಸಿ ಎತ್ತರಿಸಿದ್ದೆವು. ತಾತನವರ ಎರಡಡಿಯ ಕಲ್ಲು ಆ ಮಣ್ಣಿನಲ್ಲಿ ಹೂತುಹೋಗಿ, ನೆಲ ಇಟ್ಟಿಗೆಯನ್ನೇ ಮುಟ್ಟಿತ್ತು. ದೀಪದ ಬತ್ತಿ ಎಣ್ಣೆಯನ್ನು ಹೀರುವಂತೆ ಇಟ್ಟಿಗೆ ನೆಲದ ನೀರನ್ನು ಮೇಲಕ್ಕೆ ಹೀರುತ್ತಿತ್ತು. ಇದು ಮೊದಲನೆಯದು. ಎರಡನೆಯದು ತಾರಸಿಯಲ್ಲಿತ್ತು. ಮಳೆನೀರು ಹೊರಬೀಳುವ ಕಂಡಿ ಮಾವಿನ ತರಗೆಲೆಗಳಿಂದ ಮುಚ್ಚಿಕೊಂಡು, ನಿಂತ ನೀರು ಗೋಡೆಯ ನೆತ್ತಿಯೊಳಗೆ ಇಳಿಯುತ್ತಿತ್ತು.

ಹಾಗಾದರೆ ಮೊದಲೇಕೆ ಜಂತೆ ಕೆಡಲಿಲ್ಲ? ಸುಣ್ಣದ ಗಾರೆ ಉಸಿರಾಡುತ್ತದೆ. ಮಳೆಗಾಲದಲ್ಲಿ ಹೊಕ್ಕ ನೀರು ಅದರ ಸೂಕ್ಷ್ಮ ರಂಧ್ರಗಳ ಮೂಲಕ ಬೇಸಗೆಯಲ್ಲಿ ಆವಿಯಾಗಿ ಹೊರಟುಹೋಗುತ್ತದೆ. ನೀರಿನಲ್ಲಿ ಕರಗಿ ಬಂದ ಲವಣಗಳು ಅಲ್ಲಿಯೇ ಹರಳುಗಟ್ಟಿ ಗಾರೆಯನ್ನು ಒಡೆಯುವುದೂ ನಿಜ. ಆದರೆ ಅಲ್ಲಿ ಸವೆಯುವುದು ಗಾರೆ, ಇಟ್ಟಿಗೆ ಉಳಿಯುತ್ತದೆ. ಗಾರೆಯನ್ನು ಮತ್ತೆ ಮಾಡಿಕೊಳ್ಳಬಹುದು. ಸಿಮೆಂಟು ಹೀಗಲ್ಲ. ಅದು ಗಟ್ಟಿ, ದಟ್ಟ. ಹಳೆಯ ಗೋಡೆ ಕೊಂಚ ಅಲುಗಿದರೂ ಅದು ಕೂದಲೆಳೆಯಷ್ಟು ಸೀಳುತ್ತದೆ. ಆ ಸೀಳಿನಿಂದ ನೀರನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಹೊರಗೆ ಮಾತ್ರ ಬಿಡುವುದಿಲ್ಲ. ನಾನು ಬಳಿಸಿದ ಬಣ್ಣವಂತೂ ಗೋಡೆಯ ಮೂಗನ್ನೇ ಮುಚ್ಚಿತ್ತು. ಮೇಲಿನಿಂದಿಳಿದ ನೀರು ಆರಲು ದಾರಿಯಿಲ್ಲದೆ ಜಂತೆಯ ತುದಿಯಲ್ಲಿ ನಿಂತಿತು. ಕಲೆಯೊಂದು ಕಾಣಿಸಿದ್ದರೆ ನಮಗೆ ಎಚ್ಚರವಾಗುತ್ತಿತ್ತು. ಬಣ್ಣ ಅದನ್ನೂ ಕಾಣಗೊಡಲಿಲ್ಲ.

ಮರ ಒಣಗಿದ್ದರೆ ನೂರಾರು ವರ್ಷ ಬಾಳುತ್ತದೆ. ಅದರ ಒಣತೂಕದಲ್ಲಿ ನೂರಕ್ಕೆ ಇಪ್ಪತ್ತು ಪಾಲಿಗಿಂತ ಹೆಚ್ಚು ನೀರು ಬಹುಕಾಲ ನಿಂತರೆ ಬೂಷ್ಟು ಹಿಡಿದು ಕೊಳೆಯತೊಡಗುತ್ತದೆ. ತೇಗವೆಂದು ನಾವು ನೆಚ್ಚಿದ್ದೆವು. ಮೇಸ್ತ್ರಿಗಳು ಜಂತೆಯ ತುದಿಗೆ ಮೊನಚಾದ ಮೊಳೆಯೊಂದನ್ನು ಒತ್ತಿದರು. ಸುತ್ತಿಗೆಯ ಸಹಾಯವಿಲ್ಲದೆ ಅದು ಬೆರಳುದ್ದ ಒಳಕ್ಕೆ ಹೋಯಿತು. ಅವರು ನನ್ನನ್ನು ಬಿಟ್ಟು ತಾಯಿಯವರ ಕಡೆ ತಿರುಗಿ, “ಅಮ್ಮಾವ್ರೇ, ಇವತ್ತಿಂದ ಈ ಕೋಣೇಲಿ ಮಲಗಬೇಡಿ” ಎಂದರು.

ಊರಿನ ಅನುಭವವೂ ಇದನ್ನೇ ಹೇಳುತ್ತದೆ. ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ೨೦೧೨ರ ಆಗಸ್ಟಿನಲ್ಲಿ ಕುಸಿದು ನಾಲ್ವರು ಪ್ರಾಣ ಕಳೆದುಕೊಂಡರು. ೨೦೧೬ರ ಆಗಸ್ಟಿನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿದ್ದಿತು. ಎರಡೂ ಮಳೆಗಾಲದಲ್ಲಿಯೇ. ಇಷ್ಟು ವರ್ಷ ನಿಂತಿದೆ, ಇನ್ನೂ ನಿಲ್ಲುತ್ತದೆ ಎಂಬ ನಂಬಿಕೆ ಹಳೆಯ ಕಟ್ಟಡಗಳ ವಿಷಯದಲ್ಲಿ ಸಲ್ಲದು.

ಓದುಗರು ತಮ್ಮ ಮನೆಯ ಗೋಡೆಯ ನಾಡಿಯನ್ನು ತಾವೇ ಹಿಡಿದು ನೋಡಬಹುದು. ತೇವ ನೆಲದಿಂದ ಎರಡು ಮೂರಡಿಯವರೆಗೆ ಅಡ್ಡಗೆರೆ ಎಳೆದಂತೆ ನಿಂತು ಉಪ್ಪು ಕಾರುತ್ತಿದ್ದರೆ, ನೆಲದ ನೀರೆಂದು ಮೊದಲು ಸಂಶಯಿಸಬೇಕು. ಮಳೆ ಬಂದಾಗ ಮೇಲುಗಡೆ ಕಲೆ ಹರಡಿ, ಬಿಸಿಲಿಗೆ ಕುಗ್ಗಿದರೆ ತಾರಸಿಯನ್ನೋ ಹೊರಗೋಡೆಯ ಬಿರುಕನ್ನೋ ಹುಡುಕಬೇಕು. ಕಾಲಭೇದವಿಲ್ಲದೆ ಬಚ್ಚಲಿನ ಪಕ್ಕ ಸದಾ ಒದ್ದೆಯಿದ್ದರೆ ಕೊಳಾಯಿಯನ್ನು ಪರೀಕ್ಷಿಸಬೇಕು. ಬೀರುವಿನ ಹಿಂದೆ, ಗಾಳಿಯಾಡದ ಮೂಲೆಯಲ್ಲಿ ಕಪ್ಪು ಬೂಷ್ಟು ಹಿಡಿದಿದ್ದರೆ, ಅದು ಅಡಿಗೆಯ ಹಬೆಯೂ ಒಗೆದ ಬಟ್ಟೆಯ ಪಸೆಯೂ ತಣ್ಣನೆಯ ಗೋಡೆಗೆ ತಗಲಿ ನೀರಾದುದಿರಬಹುದು. ಸಂಶಯ ಉಳಿದರೆ ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕಂಚಿಗೂ ಪಟ್ಟಿ ಹಚ್ಚಿ ಗೋಡೆಗೆ ಅಂಟಿಸಿ, ಎರಡು ದಿನ ಬಿಟ್ಟು ನೋಡಿ. ಹನಿ ಹಾಳೆಯ ಹಿಂಬದಿಯಲ್ಲಿದ್ದರೆ ನೀರು ಗೋಡೆಯದು. ಮುಂಬದಿಯಲ್ಲಿದ್ದರೆ ಕೋಣೆಯ ಗಾಳಿಯದು. ಎರಡನೆಯದಕ್ಕೆ ಕಿಟಕಿ ತೆರೆಯುವುದೇ ಮೊದಲ ಮದ್ದು. ಬಿರುಕಿದ್ದರೆ ಅದರ ಮೇಲೆ ತೆಳುವಾದ ಗಾಜಿನ ಪಟ್ಟಿಯೊಂದನ್ನು ಗಾರೆಯಿಂದ ಅಡ್ಡಲಾಗಿ ಕೂರಿಸಿ, ತಾರೀಖು ಬರೆದಿಡಿ. ಗಾಜು ಒಡೆದರೆ ಗೋಡೆ ಇನ್ನೂ ಚಲಿಸುತ್ತಿದೆಯೆಂದು ತಿಳಿದು ಇಂಜಿನಿಯರರನ್ನು ಕರೆಸಬೇಕು.

ನಮ್ಮ ಮನೆಯ ಚಿಕಿತ್ಸೆ ನಿಧಾನವಾಗಿಯೇ ನಡೆಯಿತು. ಮೊದಲು ಮಾಳಿಗೆಗೆ ಊರೆಗಂಬಗಳನ್ನು ಕೊಟ್ಟರು. ಹಿತ್ತಿಲ ಮಣ್ಣನ್ನು ತೆಗೆಸಿ ಕಲ್ಲನ್ನು ಮತ್ತೆ ಬೆಳಕಿಗೆ ತಂದು, ನೀರು ಗೋಡೆಯಿಂದ ದೂರ ಹರಿಯುವಂತೆ ಇಳಿಜಾರು ಮಾಡಿದೆವು. ತಾರಸಿಯ ಕಂಡಿಯನ್ನು ಬಿಡಿಸಿ ಅಗಲಮಾಡಿದೆವು. ಜಂತೆಯ ಕೊಳೆತ ತುದಿಯನ್ನು ಗಟ್ಟಿಮರ ಸಿಗುವವರೆಗೆ ಕತ್ತರಿಸಿ, ಹೊಸ ತೇಗವನ್ನು ಬೆಸೆದು ಬೋಲ್ಟು ಬಿಗಿದರು. ಅದರ ತುದಿಯನ್ನು ಚಪ್ಪಟೆಗಲ್ಲಿನ ಮೇಲೆ ಕೂರಿಸಿ, ಸುತ್ತಲೂ ಗಾಳಿಗೆ ಎಡೆ ಬಿಟ್ಟರು. ಸಿಮೆಂಟನ್ನು ಚಕ್ಕೆಚಕ್ಕೆಯಾಗಿ ಎಬ್ಬಿಸಿ ತೆಗೆದರು. ಉಪ್ಪನ್ನು ನೀರಿನಿಂದ ತೊಳೆಯದೆ ಒಣಕುಂಚದಿಂದಲೇ ಉಜ್ಜಿದರು. ತೊಳೆದರೆ ಕರಗಿ ಮತ್ತೆ ಒಳಕ್ಕಿಳಿಯುತ್ತದೆ.

ಆಮೇಲೆ ಉಳಿದುದು ಕಾಯುವ ಕೆಲಸ. ಗೋಡೆ ಒಂದಂಗುಲ ಆರಲು ಒಂದು ತಿಂಗಳು ಎಂಬುದು ಅನುಭವಸ್ಥರ ಸ್ಥೂಲ ಲೆಕ್ಕ. ಹದಿನೆಂಟು ಅಂಗುಲದ ಗೋಡೆಗೆ ಹದಿನೆಂಟು ತಿಂಗಳು! ಅಷ್ಟು ಕಾಲ ತಾಯಿ ನಡುಮನೆಯಲ್ಲಿ ಮಲಗಿದರು. ಗೋಡೆ ಬೆತ್ತಲೆ ಇಟ್ಟಿಗೆಯಾಗಿ ನಿಂತಿತು. ಬಂದ ನೆಂಟರೆಲ್ಲ ಅದನ್ನು ನೋಡಿದರು. ೨೦೨೩ರ ಬೇಸಗೆಯಲ್ಲಿ ಸುಣ್ಣ, ಮರಳು, ಇಟ್ಟಿಗೆಪುಡಿ ಕಲಸಿ ಹೊಸ ಗಾರೆ ಮಾಡಿ, ಮೇಲೆ ಸುಣ್ಣ ಹೊಡೆದರು. ತಾಯಿ ತಮ್ಮ ಕೋಣೆಗೆ ಮರಳಿದರು.

ಹಲ್ಲಿಯ ಮಾತನ್ನು ಅವರು ಒಮ್ಮೆಯೂ ಎತ್ತಿಲ್ಲ. ಆದರೆ ಜೋರು ಮಳೆ ಬಂದ ಮಾರನೆಯ ಬೆಳಗ್ಗೆ ನಾನು ಏಣಿ ಹಾಕಿಕೊಂಡು ತಾರಸಿಯ ತರಗೆಲೆ ಬಳಿಯುತ್ತಿರುವಾಗ, ಒಳಗಿನಿಂದ ಗೋಡೆಗೆ ಅಂಗೈ ಇಟ್ಟು ನೋಡಿ, “ಇವತ್ತು ಜ್ವರ ಇಲ್ಲ ಕಣಪ್ಪಾ, ಇಳಿದು ಬಾ, ಕಾಫಿ ಆರುತ್ತೆ” ಎಂದು ಕೂಗುತ್ತಾರೆ.