ರಂಗದ ಹಿನ್ನೆಲೆ ನಮ್ಮ ಕೈಯಿಂದಲೇ ಸಿದ್ಧವಾಗಲಿ

ಕ್ರಿಸ್ತಜಯಂತಿ ಹಾಗೂ ಶಾಲಾ ವಾರ್ಷಿಕೋತ್ಸವಗಳ ಕಾಲ ಸಮೀಪಿಸಿತೆಂದರೆ ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳ ನಮ್ಮ ಕುಟುಂಬಗಳಲ್ಲಿ ನಾಟಕ, ರೂಪಕ, ನೃತ್ಯಗಳ ಸಿದ್ಧತೆ ಆರಂಭವಾಗುತ್ತದೆ. ಮಕ್ಕಳು ವಾರಗಟ್ಟಲೆ ಶ್ರಮಿಸಿ ಮಾತುಗಳನ್ನು ಕಂಠಪಾಠ ಮಾಡುತ್ತಾರೆ. ತಾಯಂದಿರು ಹಳೆಯ ಸೀರೆಗಳನ್ನು ಕತ್ತರಿಸಿ ಕುರುಬರಿಗೂ ದೇವದೂತರಿಗೂ ಉಡುಪು ಹೊಲಿಯುತ್ತಾರೆ. ಆದರೆ ರಂಗದ ಹಿನ್ನೆಲೆಯ ವಿಷಯ ಬಂದಾಗ ಮಾತ್ರ ನಾವು ಫ್ಲೆಕ್ಸ್ ಮುದ್ರಿಸುವ ಅಂಗಡಿಯತ್ತ ನಡೆಯುತ್ತೇವೆ. ಮರುದಿನ ಕೈಸೇರುವ ಆ ಹಾಳೆಯಲ್ಲಿ ಎಷ್ಟೋ ಸಲ ಬೆತ್ಲೆಹೇಮಿನ ಬೆಟ್ಟಗಳಿಗಿಂತ ದಾನಿಗಳ ಭಾವಚಿತ್ರಗಳೇ ದೊಡ್ಡವಾಗಿರುತ್ತವೆ. ದಿನಾಂಕವನ್ನು ಮುದ್ರಿಸಿರುವುದರಿಂದ ಮುಂದಿನ ವರ್ಷಕ್ಕೆ ಅದು ಉಪಯೋಗಕ್ಕೆ ಬಾರದು.

ಇದು ಕೇವಲ ಅಭಿರುಚಿಯ ಪ್ರಶ್ನೆಯಲ್ಲ. ಕರ್ನಾಟಕ ಸರ್ಕಾರವು 2016ರ ಮಾರ್ಚ್ ತಿಂಗಳಲ್ಲಿಯೇ ಪ್ಲಾಸ್ಟಿಕ್ ಚೀಲಗಳೊಂದಿಗೆ ಪ್ಲಾಸ್ಟಿಕ್ಕಿನ ಬ್ಯಾನರ್ ಹಾಗೂ ಫ್ಲೆಕ್ಸ್‌ಗಳನ್ನೂ ನಿಷೇಧಿಸಿತು. 2022ರ ಜುಲೈ 1ರಿಂದ ಜಾರಿಗೆ ಬಂದ ಕೇಂದ್ರದ ನಿಯಮವು ಅಲಂಕಾರದ ಥರ್ಮೋಕೋಲನ್ನೂ, 100 ಮೈಕ್ರಾನ್‌ಗಿಂತ ತೆಳುವಾದ ಪಿವಿಸಿ ಬ್ಯಾನರ್‌ಗಳನ್ನೂ ನಿಷೇಧಿತ ವಸ್ತುಗಳ ಪಟ್ಟಿಗೆ ಸೇರಿಸಿತು. ಪಿವಿಸಿಯನ್ನು ಬಯಲಿನಲ್ಲಿ ಸುಟ್ಟರೆ ಡೈಆಕ್ಸಿನ್‌ನಂತಹ ವಿಷವಸ್ತುಗಳು ಗಾಳಿಗೆ ಸೇರುತ್ತವೆ. ಸೃಷ್ಟಿಯ ಪಾಲನೆಯನ್ನು ಕುರಿತು ಜಗದ್ಗುರು ಫ್ರಾನ್ಸಿಸರು 2015ರಲ್ಲಿ ಪ್ರಕಟಿಸಿದ 'ಲೌದಾತೋ ಸಿ' ವಿಶ್ವಪತ್ರದಲ್ಲಿ ಪ್ಲಾಸ್ಟಿಕ್ ಬಳಕೆಯನ್ನು ತಗ್ಗಿಸುವಂತಹ ಸಣ್ಣಪುಟ್ಟ ದಿನನಿತ್ಯದ ಅಭ್ಯಾಸಗಳಿಗೂ ಮಹತ್ವ ನೀಡಿದ್ದಾರೆ. ಪೀಠದಿಂದ ಅದನ್ನು ಕೇಳಿ, ರಂಗದ ಮೇಲೆ ಅದಕ್ಕೆ ವಿರುದ್ಧವಾಗಿ ನಡೆದುಕೊಳ್ಳುವುದು ನಮಗೆ ಶೋಭಿಸದು.

ಹಾಗಾದರೆ ಬೇರೆ ದಾರಿಯೇನು? ಉತ್ತರ ನಮ್ಮ ನಾಡಿನ ರಂಗಭೂಮಿಯಲ್ಲಿಯೇ ಇದೆ. 1884ರಲ್ಲಿ ಆರಂಭವಾದ ಗುಬ್ಬಿ ಕಂಪನಿಯೂ ಸೇರಿದಂತೆ ನಮ್ಮ ವೃತ್ತಿ ನಾಟಕ ಮಂಡಳಿಗಳು ಬಟ್ಟೆಯ ಮೇಲೆ ಬರೆಸಿದ ಅರಮನೆ, ಕಾಡು, ಬೀದಿಗಳ ಪರದೆಗಳನ್ನು ಊರಿಂದೂರಿಗೆ ಒಯ್ದು, ಅವುಗಳನ್ನೇ ಹಲವು ನಾಟಕಗಳಿಗೆ ಬಳಸಿದವು. ಯಕ್ಷಗಾನದಲ್ಲಂತೂ ಇಬ್ಬರು ಹಿಡಿದ ಒಂದು ತೆರೆಯೇ ಪಾತ್ರದ ಪ್ರವೇಶಕ್ಕೆ ಸಾಕು. ಬಟ್ಟೆ ಬಡತನದ ಗುರುತಲ್ಲ, ಅದು ರಂಗದ ಸಹಜ ಸಾಮಗ್ರಿ.

ಮರದ ಚೌಕಟ್ಟಿಗೆ ಬಟ್ಟೆಯನ್ನು ಬಿಗಿದು ಮಾಡುವ ಫಲಕಗಳು ನಮ್ಮ ಸಣ್ಣ ರಂಗಗಳಿಗೆ ಹೇಳಿ ಮಾಡಿಸಿದಂತಿವೆ. 48 ಅಂಗುಲ ಅಗಲದ ಕೋರಾ ಬಟ್ಟೆಯನ್ನು ಕೊಂಡರೆ, ಚೌಕಟ್ಟನ್ನು 42 ಅಂಗುಲ ಅಗಲ, 8 ಅಡಿ ಎತ್ತರಕ್ಕೆ ಮಾಡಿಸಬೇಕು. ಆಗ ಎರಡು ಬದಿಗಳಲ್ಲೂ ಹಿಂದಕ್ಕೆ ಮಡಿಸಿ ಮೊಳೆ ಹೊಡೆಯಲು 3 ಅಂಗುಲ ಬಟ್ಟೆ ಉಳಿಯುತ್ತದೆ. ಇಂತಹ ಆರು ಫಲಕಗಳನ್ನು ಸಾಲಾಗಿ ನಿಲ್ಲಿಸಿದರೆ 21 ಅಡಿ ಅಗಲದ ಹಿನ್ನೆಲೆ ಸಿದ್ಧ. ಇದಕ್ಕೆ ಸುಮಾರು 16 ಮೀಟರ್ ಬಟ್ಟೆ, 160 ಅಡಿಯಷ್ಟು ರೀಪರ್ ಪಟ್ಟಿ ಹಾಗೂ ಮೂಲೆಗಳನ್ನು ಭದ್ರಪಡಿಸಲು ತ್ರಿಕೋನಾಕಾರದ ಪ್ಲೈವುಡ್ ತುಂಡುಗಳು ಸಾಕು.

ಪ್ರತಿ ಚೌಕಟ್ಟಿಗೂ ನಡುವೆ ಒಂದು ಅಡ್ಡಪಟ್ಟಿಯನ್ನು ತಪ್ಪದೆ ಇಡಿಸಬೇಕು. ಇಲ್ಲವಾದರೆ ಬಟ್ಟೆಯ ಬಿಗಿತಕ್ಕೆ ಎರಡು ಬದಿಗಳೂ ಒಳಕ್ಕೆ ಬಾಗುತ್ತವೆ. ಮೊಳೆ ಹೊಡೆಯುವಾಗ ಮೊದಲು ನಾಲ್ಕೂ ಬದಿಗಳ ಮಧ್ಯಭಾಗವನ್ನು ಹಿಡಿದು, ಅಲ್ಲಿಂದ ಮೂಲೆಗಳತ್ತ ಸಾಗಿದರೆ ಸುಕ್ಕು ಬೀಳುವುದಿಲ್ಲ. ಬಟ್ಟೆಯನ್ನು ಅತಿಯಾಗಿ ಎಳೆಯುವುದೂ ಬೇಡ. ಮೇಲೆ ತೆಳುವಾದ ಮೈದಾ ಗಂಜಿಯನ್ನು ಹಚ್ಚಿದರೆ, ಒಗೆಯದ ಕೋರಾ ಬಟ್ಟೆ ಒಣಗುತ್ತಾ ತಾನಾಗಿಯೇ ಬಿಗಿಯಾಗುತ್ತದೆ. ಅನಂತರ ಡಿಸ್ಟೆಂಪರ್ ಬಳಿಯಬಹುದು. ತಿಳಿಬಣ್ಣದ ಒಂದೇ ಹಿನ್ನೆಲೆಗೆ ನೀಲಿ ದೀಪ ಬಿಟ್ಟರೆ ಇರುಳು, ಹಳದಿ ದೀಪ ಬಿಟ್ಟರೆ ಮುಂಜಾವು.

ಎರಡು ಎಚ್ಚರಿಕೆಗಳು ಅಗತ್ಯ. ಬಯಲು ರಂಗದಲ್ಲಿ ಗಾಳಿಗೆ ಫಲಕಗಳು ಉರುಳದಂತೆ ಹಿಂಬದಿಯಿಂದ ಆಸರೆ ಕೊಟ್ಟು, ಬುಡಕ್ಕೆ ಮರಳಿನ ಚೀಲಗಳನ್ನು ಇಡಬೇಕು. ಬಟ್ಟೆ ಬೇಗ ಹೊತ್ತಿಕೊಳ್ಳುವುದರಿಂದ ಬಿಸಿಯಾಗುವ ದೀಪಗಳನ್ನೂ ಉರಿಯುವ ಮೇಣದ ಬತ್ತಿಗಳನ್ನೂ ದೂರದಲ್ಲಿಟ್ಟು, ನೀರು ಮತ್ತು ಮರಳನ್ನು ಕೈಗೆಟಕುವಂತೆ ಇರಿಸಬೇಕು.

ಫ್ಲೆಕ್ಸ್ ಒಂದೇ ದಿನದಲ್ಲಿ ಬರುತ್ತದೆ, ಇಷ್ಟೆಲ್ಲ ಶ್ರಮ ಯಾರಿಗೆ ಬೇಕು ಎಂದು ಕೆಲವರು ಕೇಳಬಹುದು. ಮೊದಲ ವರ್ಷ ಫಲಕಗಳಿಗೆ ಫ್ಲೆಕ್ಸ್‌ಗಿಂತ ಹೆಚ್ಚು ಹಣ ತಗಲುವ ಸಾಧ್ಯತೆಯೂ ಉಂಟು. ಆದರೆ ಚೌಕಟ್ಟು ವರ್ಷಗಟ್ಟಲೆ ಬಾಳುತ್ತದೆ. ಬಣ್ಣದ ಪದರ ದಪ್ಪವಾಗಿ ಉದುರತೊಡಗಿದಾಗ ಬಟ್ಟೆಯನ್ನಷ್ಟೇ ಬದಲಿಸಿದರಾಯಿತು. ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ಪ್ರತಿ ನಾಟಕದಲ್ಲೂ ಪಾತ್ರ ಸಿಗದ, ಮಾತನಾಡಲು ಅಂಜುವ ಮಕ್ಕಳಿರುತ್ತಾರೆ. ಅಂಗಡಿಯಿಂದ ಬಂದ ಹಾಳೆಯನ್ನು ಕಟ್ಟುವಾಗ ಅವರಿಗೆ ಯಾವ ಕೆಲಸವೂ ಇರುವುದಿಲ್ಲ. ಫಲಕ ಮಾಡುವ ಭಾನುವಾರದ ಮಧ್ಯಾಹ್ನಗಳಲ್ಲಾದರೋ ಬಡಗಿ ಕೆಲಸ ಬಲ್ಲ ತಂದೆ, ಹೊಲಿಗೆ ಬಲ್ಲ ತಾಯಿ, ಚಿತ್ರ ಬಿಡಿಸುವ ಹುಡುಗಿ, ಗಂಜಿ ಕಲಸುವ ಹುಡುಗ ಎಲ್ಲರಿಗೂ ಪಾತ್ರವುಂಟು. ಹಿನ್ನೆಲೆಯನ್ನು ಕೊಂಡು ತಂದಾಗ ನಾವು ಕಳೆದುಕೊಳ್ಳುತ್ತಿರುವುದು ಈ ಕೂಡುವಿಕೆಯನ್ನು.

ನೂಲಿನೊಂದಿಗೆ ಈ ಎರಡು ತಾಲ್ಲೂಕುಗಳ ನಂಟು ಹಳೆಯದು. ಮೈಸೂರು ರೇಷ್ಮೆ ಸೀರೆಯ ನೂಲಿಗೆ ತಿ. ನರಸೀಪುರದ ಹೆಸರು ಸೇರಿಕೊಂಡಿದೆ. ನಂಜನಗೂಡು ತಾಲ್ಲೂಕಿನ ಬದನವಾಳು 1927ರಲ್ಲಿ ಗಾಂಧೀಜಿಯವರು ಭೇಟಿಯಿತ್ತ ಖಾದಿ ಗ್ರಾಮ. ರಂಗಕರ್ಮಿ ಪ್ರಸನ್ನ ಅವರು 2015ರಲ್ಲಿ ಸುಸ್ಥಿರ ಬದುಕಿಗಾಗಿ ಸತ್ಯಾಗ್ರಹ ನಡೆಸಲು ಆರಿಸಿಕೊಂಡದ್ದೂ ಅದೇ ಊರನ್ನು. ಕೈಕೆಲಸದ ಘನತೆಯನ್ನು ನಾಡಿಗೆ ನೆನಪಿಸಿದ ನೆಲದಲ್ಲಿರುವ ನಮಗೆ ಹದಿನಾರು ಮೀಟರ್ ಬಟ್ಟೆಯನ್ನು ಬಿಗಿಯುವುದು ಹೊರೆಯಾಗಬಾರದು.

ಆದ್ದರಿಂದ ನಮ್ಮ ಸಲಹೆ ಇಷ್ಟೇ. ಎರಡೂ ತಾಲ್ಲೂಕುಗಳ ಧರ್ಮಕೇಂದ್ರಗಳ ಯುವಜನರು ವಿಚಾರಣಾ ಗುರುಗಳ ಅನುಮತಿ ಪಡೆದು, ಒಟ್ಟಾಗಿ ಆರು ಫಲಕಗಳ ಒಂದು ಜೊತೆಯನ್ನು ಸಿದ್ಧಪಡಿಸಲಿ. ಕಾರ್ಯಕ್ರಮಗಳ ದಿನಗಳನ್ನು ಹೊಂದಿಸಿಕೊಂಡು, ಒಂದು ಸಣ್ಣ ಸರಕು ವಾಹನದಲ್ಲಿ ಅದನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸಲಿ. ಉಳಿದ ದಿನಗಳಲ್ಲಿ ಇಲಿಗಳ ಕಾಟವಿಲ್ಲದ ಒಣ ಕೋಣೆಯಲ್ಲಿ ಗೋಡೆಗೊರಗಿಸಿಟ್ಟರೆ ಸಾಕು. ದಾನಿಗಳ ಹೆಸರನ್ನು ಕಾರ್ಯಕ್ರಮದ ಆರಂಭದಲ್ಲಿ ಗೌರವದಿಂದ ಓದಿ ಹೇಳೋಣ, ಆದರೆ ರಂಗವನ್ನು ಮಕ್ಕಳಿಗೇ ಬಿಟ್ಟುಕೊಡೋಣ. ಬಣ್ಣ ಅಲ್ಲಲ್ಲಿ ಹರಡಿದ್ದರೂ, ಬೆಟ್ಟದ ಗೆರೆ ಕೊಂಚ ಓರೆಯಾಗಿದ್ದರೂ ಚಿಂತೆಯಿಲ್ಲ. ಅದನ್ನು ಬರೆದ ಮಗು ಸಭೆಯಲ್ಲಿ ಕುಳಿತು, 'ಅದು ನಾನು ಮಾಡಿದ್ದು' ಎಂದು ತನ್ನ ಅಜ್ಜಿಗೆ ತೋರಿಸಲಿ.